ಭಾನುವಾರ ಸಂಜೆಯ ಸಭೆ

ನಾನು ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಡಿಪ್ಲೊಮಾ ಮುಗಿಸುತ್ತಿದ್ದ ಕಾಲ. ಕೆಲಸಕ್ಕೆ ಹುಡುಗರನ್ನು ಸೆಳೆಯಲು ಪಂಪ್‌ಸೆಟ್ ಕಾರ್ಖಾನೆಯವರು ಸಭೆ ಕರೆದರೆ ಯಾರೂ ಹೋಗುತ್ತಿರಲಿಲ್ಲ. ಮ್ಯಾನೇಜರ ಭಾಷಣವೇ ಎರಡು ಗಂಟೆ.

"ಈ ಸಲ ಸಭೆ ತುಂಬದಿದ್ರೆ ನಿನ್ನ ಕೆಲಸ ಹೋಯ್ತು," ಎಂದು ಅವರು ಗುಮಾಸ್ತ ತಿಪ್ಪೇಸ್ವಾಮಿಯನ್ನು ಗದರಿದರಂತೆ.

ತಿಪ್ಪೇಸ್ವಾಮಿ ಸಭೆಯನ್ನು ಭಾನುವಾರ ಸಂಜೆಗಿಟ್ಟ. ಭಾನುವಾರ ರಾತ್ರಿ ಹಾಸ್ಟೆಲಿನಲ್ಲಿ ಅಡುಗೆ ಇರಲಿಲ್ಲ. ಸಭೆ ನಡೆಯುವ ಜಾಗದ ಹಿಂದೆಯೇ ಬಿಸಿಬೇಳೆಬಾತಿಗೆ ಒಲೆ ಹೂಡಿಸಿದ. ಆ ಸಂಜೆ ಸಭೆಯಲ್ಲಿ ನಿಲ್ಲಲೂ ಜಾಗವಿರಲಿಲ್ಲ.

"ನೋಡಿದ್ಯಾ? ನನ್ನ ಭಾಷಣದ ಮಧ್ಯೆ ಒಬ್ಬನೂ ಎದ್ದು ಹೋಗಲಿಲ್ಲ!" ಮ್ಯಾನೇಜರು ಬೀಗಿದರು.

"ಊಟ ಭಾಷಣ ಆದ್ಮೇಲೆ ಅಂತ ನೋಟಿಸಲ್ಲೇ ಹಾಕಿದ್ದೆ ಸಾರ್."

ಮ್ಯಾನೇಜರ ಮುಖ ಇಳಿಯಿತು. ಆಮೇಲೆ ಮೆಲ್ಲಗೆ, "ನಮ್ಮ ಹಾಸ್ಟೆಲಲ್ಲೂ ಭಾನುವಾರ ರಾತ್ರಿ ಅಡುಗೆ ಇರ್ತಿರಲಿಲ್ಲ ಕಣಯ್ಯಾ," ಎಂದು ತಟ್ಟೆ ಹಿಡಿದು ನನ್ನ ಹಿಂದೆ ಸಾಲಿನಲ್ಲಿ ನಿಂತರು.

ಆ ಸಂಜೆ ಅವರು ಆಡಿದ್ದರಲ್ಲಿ ನಾನು ಮನಸಿಟ್ಟು ಕೇಳಿದ್ದು ಅದೊಂದೇ ಮಾತು. ಮಾರನೇ ದಿನವೇ ಅರ್ಜಿ ಹಾಕಿದೆ.