ಬೇಲಗಿರಿಗೆ ಹೋಗಬೇಕಿದ್ದ ಓಲೆ

"ಬಡಿಸಿದ ಗಂಜಿ ಆರುವಷ್ಟರಲ್ಲಿ ಬೇಲಗಿರಿಯನ್ನು ಗೆದ್ದು ಬರುತ್ತೇನೆ!" ಎಂದು ಹೊನ್ನಗಡದ ಅರಸ ವೀರಮಲ್ಲ ತೊಡೆ ತಟ್ಟಿದ.

ಇಷ್ಟು ಹುರುಪು ಬಂದದ್ದು ಒಂದು ಓಲೆಯಿಂದ. ಬೇಲಗಿರಿಯಲ್ಲಿ ಕೂತಿದ್ದ ಅವನ ರಾಯಭಾರಿ ಬರೆದಿದ್ದ: ಅಲ್ಲಿಯ ಕೋಟೆ ಬಾಗಿಲಿಗೆ ಗೆದ್ದಲು ಹಿಡಿದಿದೆ, ಸೈನಿಕರು ಸೊಪ್ಪು ಮಾರುತ್ತಿದ್ದಾರೆ, ಹೊಡೆದರೆ ಈಗಲೇ ಹೊಡೆಯಬೇಕು.

ಆಸ್ಥಾನದಲ್ಲಿ ಎದುರಾಡುವ ಎದೆ ಇದ್ದವನು ವಿದೂಷಕ ಕೋನಪ್ಪ ಒಬ್ಬನೇ. "ಒಡೆಯಾ, ರಾಯಭಾರಿಯ ಮಾತು ನಂಬಿ ದಂಡು ಕಟ್ಟಬೇಡಿ."

"ನಂಬಬಾರದೆಂದು ನಾಳೆಯೊಳಗೆ ತೋರಿಸು. ಆಗದಿದ್ದರೆ ದಂಡಿನ ಮುಂದೆ ಕುದುರೆ ಏರಿ ನೀನೇ ನಡೆ!"

ಕತ್ತೆ ಏರಿದರೂ ಬೀಳುವ ಆಸಾಮಿ ಕೋನಪ್ಪ. ಹೆಂಡತಿ ಆಗಲೇ ತಾಳಿ ಹಿಡಿದು ಗೋಳಾಡಿದಳು. ಇವನು ಮಾತ್ರ, ಊರವರಿಗೆಲ್ಲ ಓಲೆ ಬರೆದುಕೊಟ್ಟು ಹೊಟ್ಟೆ ಹೊರೆಯುವ ಭಾವಮೈದುನನ ಮನೆಗೆ ಸೀದಾ ನಡೆದ.

ಮರುದಿನ ಸಭೆಯಲ್ಲಿ ಒಂದು ಓಲೆ ಬಿಚ್ಚಿದ. "ಇದೂ ರಾಯಭಾರಿಯದೇ, ಒಡೆಯಾ. 'ಇಲ್ಲಿಯ ಕಣಜ ಬರಿದು. ಅರಸನಿಗೇ ದಿನವಿಡೀ ಉಪವಾಸ, ಸಂಜೆಗೆ ಎರಡು ಬಾಳೆಹಣ್ಣು.'"

"ಅಯ್ಯೋ ದರಿದ್ರವೇ!" ಅರಸ ನಕ್ಕ.

"'ಆನೆಗಳಿಗೆ ರೋಗ. ಹೊಳೆಯಲ್ಲಿ ಮಗ್ಗುಲಾಗಿ ಬಿದ್ದಿವೆ, ಮಾವುತರು ಕಲ್ಲು ಹಾಕಿ ಉಜ್ಜಿದರೂ ಏಳುವುದಿಲ್ಲ.'"

ಸೇನಾಪತಿಯೂ ಕಿಸಕ್ಕೆಂದ.

ಮುಂದಿನದು ಗಂಡ ಹೆಂಡಿರ ಗುಟ್ಟು. ನಾವು ಆಡಬಾರದು, ಆದರೆ ಓಲೆಯಲ್ಲೇ ಇತ್ತಲ್ಲ! "'ಮೊನ್ನೆ ಅರಸಿ ಕದ ಹಾಕಿಕೊಂಡಳು. ಅರಸ ಒದ್ದೆ ಪಂಚೆಯಲ್ಲಿ ಹೊರಗೆ ನಿಂತು, ತೆಗೆಯೇ, ಚಳಿಯೇ, ಎಂದು ಗೋಗರೆದ.'"

"ಹೆಂಡತಿಯ ಕದ ತೆಗೆಸಲಾರದವನು ಕೋಟೆಯ ಕದ ಕಾಯುತ್ತಾನೆಯೇ? ಇಂಥ ದೇಶಕ್ಕೆ ದಂಡೇ ಬೇಡ, ನಮ್ಮ ಅಡುಗೆಯವರೇ ಸಾಕು! ಬೇಲಗಿರಿಯ ಸುದ್ದಿ ತಾನೆ?" ಎಂದ ಅರಸ.

"ಬೇಲಗಿರಿಗೆ ಹೋಗಬೇಕಿದ್ದ ಸುದ್ದಿ, ಒಡೆಯಾ. ನಮ್ಮೂರಲ್ಲಿರುವ ಅವರ ರಾಯಭಾರಿ ನನ್ನ ಭಾವಮೈದುನನ ಕೈಯಲ್ಲಿ ಬರೆಸಿದ್ದು. ದೇಶ ನಮ್ಮದು."

ಅರಸನ ಮೀಸೆ ಜೋತುಬಿತ್ತು. "ಥೂ! ಅವತ್ತು ಏಕಾದಶಿ ಕಣೋ! ಆನೆಗಳಿಗೆ ಮೈ ತೊಳೆಯುತ್ತಿದ್ದರು!"

"ಕದದ ಮಾತು?"

ಅರಸ ತೆರೆಯ ಕಡೆ ಓರೆಗಣ್ಣು ಹಾಯಿಸಿದ. ಒಳಗೆ ರಾಣಿಯ ಬಳೆಗಳು ಕಿಲಕಿಲ ಎಂದವು. ಅರಸನಿಗೂ ನಗು ತಡೆಯಲಾಗಲಿಲ್ಲ. ದಂಡು ಬೇಡವೆಂದು ಸಾರಿಸಿ, ತನ್ನ ಶಾಲನ್ನೇ ಕೋನಪ್ಪನಿಗೆ ಹೊದಿಸಿದ. ಆಮೇಲೆ ಕಿವಿಯಲ್ಲಿ, "ಓಲೆ ಹೋಗಲಿ ಬಿಡು, ಅದನ್ನು ನಂಬಿ ದಂಡೆತ್ತಿ ಬಂದವರು ನಮ್ಮ ಆನೆ ನೋಡಲಿ. ಆ ಕದದ ಸಾಲು ಮಾತ್ರ ಕೆರೆದುಹಾಕಿಸು" ಎಂದ.

"ನಿಜ ಇರುವುದು ಆ ಸಾಲೊಂದರಲ್ಲೇ, ಒಡೆಯಾ. ಅದನ್ನೂ ಕೆರೆದರೆ ಅಪ್ಪಟ ರಾಯಭಾರಿಯ ಓಲೆಯಾಗುತ್ತದೆ!"