ಹೆದರದ ನೀರುನಾಯಿ

ನದಿ ಸಮುದ್ರ ಸೇರುವ ಕಡೆ ಬಂಡೆಗಳ ನಡುವೆ ಆಳವಾದ ಮಡುವೊಂದಿತ್ತು. ತಳದಲ್ಲಿ ಕೊಬ್ಬಿದ ಏಡಿಗಳಿದ್ದವು. ಅಲ್ಲಿದ್ದ ನೀರುನಾಯಿ ಎಷ್ಟು ಸಲ ಮುಳುಗಿದರೂ ತಳ ಮುಟ್ಟುವ ಮೊದಲೇ ಎದೆ ಬಿಗಿದು, ಹೆದರಿ ಮೇಲೆ ಬಂದುಬಿಡುತ್ತಿತ್ತು.

ಒಂದು ಬೆಳಿಗ್ಗೆ ಅದು ಬಂಡೆಯ ಮೇಲೆ ಕೂತು ಬುಸುಬುಸು ಉಸಿರಾಡುವುದನ್ನು ಆಮೆಯಜ್ಜಿ ಕಂಡಳು.

“ಏನು ಮಾಡುತ್ತಿದ್ದೀಯ ಮಗು?”

“ಹೀಗೆ ಜೋರಾಗಿ ಉಸಿರಾಡಿ ಮುಳುಗಿದರೆ ಎದೆ ಬಿಗಿಯುವುದೇ ಇಲ್ಲ ಅಜ್ಜಿ. ಎಷ್ಟು ಹೊತ್ತು ಬೇಕಾದರೂ ಕೆಳಗಿರಬಲ್ಲೆ.”

ಆಮೆಯಜ್ಜಿಯ ಜೀವ ಝಲ್ಲೆಂದಿತು. “ಬೇಡ! ಎದೆ ಬಿಗಿಯದಿದ್ದರೂ ರಕ್ತದಲ್ಲಿರುವ ಪ್ರಾಣವಾಯು ತೀರುತ್ತಲೇ ಇರುತ್ತದೆ. ಸಾಕು, ಮೇಲೆ ಹೋಗು ಎಂದು ನಿನಗೆ ಹೇಳುವುದು ಆ ಬಿಗಿತವೇ. ಅದರ ಬಾಯಿ ಮುಚ್ಚಿಸಬೇಡ.”

“ನಿಮಗೆ ವಯಸ್ಸಾಯಿತು,” ಎಂದು ನೀರುನಾಯಿ ಧುಮುಕಿತು.

ಅಜ್ಜಿ ಹಿಂದೆಯೇ ಇಳಿದಳು. ಅದು ತಳ ಮುಟ್ಟಿ ಏಡಿ ಹಿಡಿಯಿತು. ಆಮೇಲೂ ಆತುರವಿಲ್ಲದೆ ಅಲ್ಲೇ ಸುತ್ತಾಡಿತು. ಕಡೆಗೆ ಅದು ಮೇಲೆ ಹೊರಟಿತು. ಇನ್ನೇನು ಮೂತಿ ನೀರಿನಾಚೆ ಬರಬೇಕು, ಅಷ್ಟರಲ್ಲಿ ಏಡಿ ಬಾಯಿಂದ ಜಾರಿತು. ಕಣ್ಣು ತೆರೆದೇ ಇತ್ತು. ಮೈ ಮಾತ್ರ ಸಡಿಲವಾಗಿ ಕೆಳಗಿಳಿಯತೊಡಗಿತು.

ಅಜ್ಜಿ ಅದರ ಅಡಿಗೆ ನುಗ್ಗಿ, ಚಿಪ್ಪಿನ ಮೇಲೆ ಹೊತ್ತು ದಡಕ್ಕೆ ತಳ್ಳಿದಳು. ಉಸಿರೇ ಇರಲಿಲ್ಲ. ಅಜ್ಜಿ ಮೂತಿಯಿಂದ ತಿವಿದು ತಿವಿದು ಕರೆದಳು. ಕೊನೆಗೊಂದು ಕೆಮ್ಮು ಬಂತು.

“ಯಾಕೆ ಎತ್ತಿದಿರಿ ಅಜ್ಜಿ?” ಎಂದಿತು ನೀರುನಾಯಿ. “ನನಗೆ ಚೂರೂ ಭಯವಾಗಿರಲಿಲ್ಲ.”

“ಭಯವಾಗಿದ್ದರೆ ನೀನೇ ಮೇಲೆ ಬರುತ್ತಿದ್ದೆ,” ಎಂದಳು ಅಜ್ಜಿ.