ಶಿಂಗಪ್ಪಯ್ಯನ ಕೆಂಪು ದಾರ

ಬಹಳ ಬಹಳ ಹಿಂದೆ, ನಮ್ಮ ಮುತ್ತಜ್ಜಿಯ ಮುತ್ತಜ್ಜಿಗೂ ಹಲ್ಲು ಮೂಡದ ಕಾಲದಲ್ಲಿ, ಕಾಕಡಹಳ್ಳಿ ಅಂತ ಒಂದು ಊರಿತ್ತಂತೆ. ಹೂ ಬೆಳೆಯುವವರ ಊರು. ಆ ಊರಿಗೆ ದ್ರೌಪದಮ್ಮನೇ ದೇವರು. ಬೇರೆಯವರಿಗೆ ದ್ರೌಪದಿ ಭಾರತದ ಕಥೆಯಲ್ಲಿ ಬರುವ ರಾಣಿ. ಇವರಿಗೆ ತಾಯಿಯೂ ಅವಳೇ, ಮನೆಮಗಳೂ ಅವಳೇ.

ಅಲ್ಲಿಗೆ ಒಂದು ದಿನ ಶಿಂಗಪ್ಪಯ್ಯ ಬಂದರಂತೆ. ತಾಳೆಗರಿಯ ಕಟ್ಟುಗಳನ್ನು ಹೆಗಲಿಗೇರಿಸಿಕೊಂಡು ಊರೂರು ಸುತ್ತುವ ವಿದ್ವಾಂಸರು. ಎಲ್ಲಿ ಯಾವ ಅಮ್ಮನಿದ್ದಾಳೆ, ಅವಳ ಕಥೆಯನ್ನು ಯಾರು ಹೇಗೆ ಹೇಳುತ್ತಾರೆ, ಭಾರತದೊಳಗೆ ಅದು ಎಲ್ಲಿ ಕೂಡುತ್ತದೆ, ಎಲ್ಲಿ ಕೂಡುವುದಿಲ್ಲ, ಇದೇ ಅವರಿಗೆ ಊಟ, ಇದೇ ನಿದ್ದೆ. ಒಂದು ಕಥೆಯನ್ನು ಏಳು ಬಾಯಲ್ಲಿ ಕೇಳಿ ಏಳು ಥರ ಬರೆದುಕೊಳ್ಳುತ್ತಿದ್ದರಂತೆ. ಬಡಿಸಿದ ಮುದ್ದೆ ಆರಿ ಕಲ್ಲಾದರೂ ಅವರಿಗೆ ಗೊತ್ತಾಗುತ್ತಿರಲಿಲ್ಲವಂತೆ. ಪುಣ್ಯಾತ್ಮ!

ಊರವರು ಬಿಡುತ್ತಾರೆಯೇ? ಅಮ್ಮನ ಗುಡಿಯಲ್ಲಿ ಭಾರತ ಓದಿ ಅಂದರಂತೆ. ಆ ಊರಿಗೊಂದು ನೇಮವಿತ್ತು. ಸಭೆಯಲ್ಲಿ ದ್ರೌಪದಿಯ ಮುಡಿ ಬಿಚ್ಚಿದ್ದನ್ನು ಓದಿದ ದಿನ ಊರ ಹೆಂಗಸರೆಲ್ಲ ಜಡೆ ಬಿಚ್ಚುತ್ತಿದ್ದರು. ಅವಳ ಶಪಥ ತೀರಿ ಮುಡಿ ಕಟ್ಟುವ ಭಾಗ ಓದುವವರೆಗೂ ಬಾಚಣಿಗೆಯಿಲ್ಲ, ಹೂವಿಲ್ಲ, ಮದುವೆಯಿಲ್ಲ. ಹತ್ತು ಹನ್ನೆರಡು ದಿನದ ಮಾತು ಅಷ್ಟೆ. ಇದನ್ನು ಅಯ್ಯನವರಿಗೆ ಯಾರೂ ಹೇಳಲಿಲ್ಲ. ಇಷ್ಟೆಲ್ಲ ಓದಿದವರಿಗೆ ಗೊತ್ತಿಲ್ಲದೆ ಇರುತ್ತದೆಯೇ ಅಂದುಕೊಂಡರು. ಅಯ್ಯನವರಿಗೋ, ಗರಿಯಿಂದ ಕಣ್ಣೆತ್ತಿದರೆ ತಾನೆ ಕಾಣುವುದು!

ಯುದ್ಧದ ಭಾಗ ಬಂತು. ಮುಡಿ ಕಟ್ಟುವ ಗರಿ ತೆಗೆದರೆ ಒಂದು ಪ್ರತಿಯಲ್ಲಿ ಭೀಮ ಕಟ್ಟಿದ ಅಂತಿದೆ, ಇನ್ನೊಂದರಲ್ಲಿ ದಾಸಿ ಕಟ್ಟಿದಳು ಅಂತಿದೆ. ಶಿಂಗಪ್ಪಯ್ಯ ಎರಡನ್ನೂ ತಿರುತಿರುವಿ ನೋಡಿದರಂತೆ. ತಿಳಿಯದ್ದನ್ನು ಅಮ್ಮನ ಮುಂದೆ ಹೇಗೆ ಓದಲಿ, ನಾಲ್ಕು ದಿನದಲ್ಲಿ ವಿಚಾರಿಸಿಕೊಂಡು ಬರುತ್ತೇನೆ ಅಂದವರೇ ಕಟ್ಟು ಹೊತ್ತು ಹೊರಟುಬಿಟ್ಟರಂತೆ.

ನಾಲ್ಕು ದಿನ ಎರಡು ತಿಂಗಳಾಯಿತಂತೆ. ಹೂ ಬಿಡಿಸುವಾಗ ಕೂದಲು ಗಿಡಕ್ಕೆ ಸಿಕ್ಕಿಕೊಳ್ಳುತ್ತಿತ್ತಂತೆ, ಒಲೆ ಊದುವಾಗ ಚುರುಚುರು ಸುಡುತ್ತಿತ್ತಂತೆ. ಬೆಳೆದ ಹೂವೆಲ್ಲ ಪರವೂರಿನ ಹೆಂಗಸರ ತಲೆಗೆ. ಸುಮ್ಮನೆ ಕಟ್ಟಿಕೊಳ್ಳಿ, ಯಾರು ನೋಡುತ್ತಾರೆ ಅಂತ ಗಂಡಸರು ಅಂದರೆ, ಅಮ್ಮನೇ ಮುಡಿ ಬಿಚ್ಚಿ ಕೂತಿರುವಾಗ ನಾವು ಹೇಗೆ ಕಟ್ಟೋಣ ಅನ್ನುತ್ತಿದ್ದರಂತೆ. ಎಲ್ಲರಿಗಿಂತ ಕಷ್ಟ ಹೊನ್ನಕ್ಕ ಅನ್ನುವ ಹುಡುಗಿಯದು. ಅವಳಿಗೆ ಗಂಡು ಗೊತ್ತಾಗಿತ್ತು, ಹುಡುಗ ಮನಸ್ಸಿಗೂ ಬಂದಿದ್ದ. ಆಷಾಢ ಹುಟ್ಟುವುದರೊಳಗೆ ಧಾರೆ ಆಗದಿದ್ದರೆ ಬೇರೆ ಹೆಣ್ಣು ನೋಡುತ್ತೇವೆ ಅಂತ ಬೀಗರು ಹೇಳಿ ಕಳಿಸಿದ್ದರು. ಆಷಾಢಕ್ಕೆ ಐದೇ ದಿನ ಉಳಿದಿತ್ತು.

ಆಗ ಹೊನ್ನಕ್ಕನ ಮನೆಯ ಜಗಲಿಗೆ ಬಂದರಂತೆ ಶಿಂಗಪ್ಪಯ್ಯ, ಬಿಸಿಲಿಗೆ ಕರಕಲಾಗಿ, ಮುಖದ ತುಂಬ ಖುಷಿ. ಹನ್ನೊಂದು ಊರಲ್ಲಿ ಹನ್ನೊಂದು ಥರ ಹೇಳುತ್ತಾರೆ, ಇನ್ನು ಮೂರು ಊರು ಬಾಕಿ, ಒಂದು ಚೊಂಬು ನೀರು ಕೊಟ್ಟರೆ ಹೊರಟೆ ಅಂದರಂತೆ.

ಹೊನ್ನಕ್ಕ ನೀರು ತಂದಳು. ತಂದ ಚೊಂಬನ್ನು ಕೈಗೆ ಕೊಡಲಿಲ್ಲ.

"ಅಯ್ಯನೋರೆ, ಯಾರು ಕಟ್ಟಿದ್ರು ಅನ್ನೋದು ನಿಮಗೆ ಬೇಕು. ಅಮ್ಮನ ಮುಡಿ ಕಟ್ಟಾಯ್ತಾ, ಇಲ್ವಾ? ನಮಗೆ ಅಷ್ಟು ಹೇಳಿ ಸಾಕು" ಅಂದಳಂತೆ.

ಶಿಂಗಪ್ಪಯ್ಯ ಆಗ ಕಣ್ಣೆತ್ತಿದರಂತೆ. ಅವಳ ತಲೆ ನೋಡಿದರು. ಬಾಗಿಲಲ್ಲಿ ನಿಂತ ಹೆಂಗಸರ ತಲೆಗಳನ್ನೆಲ್ಲ ನೋಡಿದರು. ಇದೇನಮ್ಮ ಅಂತ ಕೇಳಿದರು, ಅವಳು ಹೇಳಿದಳು. ಅಯ್ಯನವರಿಗೆ ಅಳುವೇ ಬಂತಂತೆ. ಅಮ್ಮನನ್ನು ಊರೂರಲ್ಲಿ ಹುಡುಕಿದೆ, ಅವಳು ಇಲ್ಲಿ ಮನೆಮನೆಯಲ್ಲೂ ಕೂದಲು ಹರಡಿಕೊಂಡು ನನ್ನ ದಾರಿ ಕಾಯುತ್ತಿದ್ದಳಲ್ಲ ಅಂದರಂತೆ.

ನೀರನ್ನೂ ಕುಡಿಯದೆ ಗುಡಿಗೆ ನಡೆದರು. ಗರಿ ತೆಗೆದು ಒಂದೇ ಮಾತು ಓದಿದರು: "ತಾಯಿಯ ಶಪಥ ತೀರಿತು, ಮುಡಿ ಕಟ್ಟಾಯಿತು." ಯಾರ ಕೈ ಅಂತ ಓದಲಿಲ್ಲ, ಯಾರೂ ಕೇಳಲೂ ಇಲ್ಲ.

ಹೊನ್ನಕ್ಕನ ಅಜ್ಜಿ ಎಣ್ಣೆ ಸುರಿದು ಅರ್ಧ ದಿನ ಕೂತು ಮೊಮ್ಮಗಳ ತಲೆಯ ಸಿಕ್ಕು ಬಿಡಿಸಿದಳಂತೆ. ಜಡೆ ಹೆಣೆದು ಮುಗಿಯುವಾಗ ಶಿಂಗಪ್ಪಯ್ಯ ತಮ್ಮ ಗರಿಗಳನ್ನು ಬಿಗಿದಿದ್ದ ಕೆಂಪು ದಾರವನ್ನು ಕಳಚಿ ಅಮ್ಮನ ಪಾದದಲ್ಲಿಟ್ಟು, ತಪ್ಪಾಯಿತು, ಇದನ್ನು ಮಗಳ ಜಡೆಗೆ ಕಟ್ಟಿ ಅಂದರಂತೆ. ಮೂರನೆಯ ದಿನ ಧಾರೆಯಾಯಿತು. ಬಿಡಿಬಿಡಿಯಾದ ಭಾರತವನ್ನು ಎದೆಗವಚಿಕೊಂಡು ಅಯ್ಯನವರು ಹೊರಟುಹೋದರಂತೆ.

ಆಮೇಲೆ ಅವರು ಎಲ್ಲಿಗೆ ಹೋದರೋ, ಏನಾದರೋ ಯಾರಿಗೂ ಗೊತ್ತಿಲ್ಲ. ಈಗಲೂ ಕಾಕಡಹಳ್ಳಿಯಲ್ಲಿ ಮದುವೆ ಹೆಣ್ಣಿನ ಜಡೆಗೆ ಮೊದಲು ಕೆಂಪು ದಾರ. ಚಿನ್ನದ ಕುಚ್ಚು ತಂದರೂ ಅದು ಆಮೇಲೆ. ಭಾರತ ಓದಿಸುವಾಗ ಮುಡಿ ಕಟ್ಟುವ ಗರಿ ಬಂದರೆ ಓದುವವರು ನಿಲ್ಲಿಸುತ್ತಾರೆ. ಕಣ್ಣೆತ್ತಿ ಹೆಂಗಸರ ಕಡೆ ನೋಡುತ್ತಾರೆ. ಒಬ್ಬೊಬ್ಬರನ್ನೂ ನೋಡಿದ ಮೇಲೆಯೇ ಓದುತ್ತಾರೆ.